ಕೆಂಗೇರಿ ಮೋರಿಯ ನೀರು ಕುಡಿದ ಅಜ್ಜಿ: ಹೊಳೆಬದಿಯ ನೆನಪುಗಳನ್ನು ಬರೆದಿಡುವುದು ಹೇಗೆ?

ಕೆಂಗೇರಿ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ತಾಯಿಗೆ ಈಗ ಎಂಬತ್ತಾರು ವರ್ಷ. ಕಳೆದ ತಿಂಗಳು ಕಣ್ಣಿನ ಪರೀಕ್ಷೆಗೆಂದು ಅವರನ್ನು ಮೆಟ್ರೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಗೆ ಹರಿಯುವ ವೃಷಭಾವತಿಯನ್ನು ಕಿಟಕಿಯಿಂದ ನೋಡಿದ ಅಜ್ಜಿ, "ಇದರ ನೀರು ಕುಡಿದೇ ನಿಮ್ಮಮ್ಮನನ್ನು ಹೆತ್ತಿದ್ದು" ಎಂದುಬಿಟ್ಟರು. ಎದುರು ಕುಳಿತಿದ್ದ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದು ನಮ್ಮತ್ತ ನೋಡಿದ. ನಾವೆಲ್ಲ ಹುಟ್ಟಿದಂದಿನಿಂದ "ಕೆಂಗೇರಿ ಮೋರಿ" ಎಂದೇ ಕರೆದು ಮೂಗು ಮುಚ್ಚಿಕೊಂಡ ನೀರು ಅದು.

ಅಂದಿನಿಂದ ಅಜ್ಜಿ ಹೇಳುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ತೊಡಕಿರುವುದು ಇಲ್ಲಿ. ಮೊದಲ ದಿನ "ಹೊಳೆ ವರ್ಷವಿಡೀ ತುಂಬಿ ಹರಿಯುತ್ತಿತ್ತು" ಎಂದವರು, ಮೂರನೆಯ ದಿನ "ಶಿವರಾತ್ರಿ ಕಳೆದ ಮೇಲೆ ಮರಳು ತೋಡಿ ಒರತೆ ನೀರು ತುಂಬಿಕೊಳ್ಳುತ್ತಿದ್ದೆವು" ಎನ್ನುತ್ತಾರೆ. ತುಂಬಿ ಹರಿಯುವ ಹೊಳೆಯಲ್ಲಿ ಮರಳನ್ನು ಏಕೆ ತೋಡಬೇಕು? ನನ್ನ ಸೋದರಮಾವನ ಮಗ ಇದೆಲ್ಲ ವಯಸ್ಸಾದವರ ಕಲ್ಪನೆ ಎಂದು ನಗುತ್ತಾನೆ. ಇಂತಹ ನೆನಪುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು? ನಿಮ್ಮ ಮನೆಯ ಹಿರಿಯರು ಅರ್ಕಾವತಿ, ಕುಮುದ್ವತಿ, ದಕ್ಷಿಣ ಪಿನಾಕಿನಿ ಅಥವಾ ಬೇರೆ ಯಾವುದೇ ಹೊಳೆಯ ಬಗ್ಗೆ ಹೇಳಿದ್ದಿದ್ದರೆ ದಯವಿಟ್ಟು ಹಂಚಿಕೊಳ್ಳಿ.

ಬಸವನಗುಡಿ ಹಳಬ:
ಅಜ್ಜಿಯ ಎರಡೂ ಮಾತು ನಿಜ. ಸೋದರಮಾವನ ಮಗನ ನಗುವನ್ನು ಬಿಡಿ.

ನಿವೃತ್ತ ನೀರಿನವನು:
ಮೂವತ್ತು ವರ್ಷ ನೀರು ಸರಬರಾಜಿನ ಕೆಲಸದಲ್ಲಿದ್ದವನು ನಾನು. ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಬೆಂಗಳೂರು ದಿಣ್ಣೆಯ ಮೇಲೆ ಕುಳಿತ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಇಳಿಯುತ್ತದೆ. ನೆತ್ತಿಯಲ್ಲಿ ಹುಟ್ಟುವ ಇಂತಹ ಹೊಳೆಗಳು ತುಂಗೆಯಂತೆ, ಭದ್ರೆಯಂತೆ ಹನ್ನೆರಡು ತಿಂಗಳೂ ದಡ ಮುಟ್ಟಿ ಹರಿಯುವಂಥವಲ್ಲ. ಮಳೆಗಾಲದಲ್ಲಿ ಕೆಂಪು ನೀರು ಉಕ್ಕುತ್ತದೆ, ದೀಪಾವಳಿಯ ಹೊತ್ತಿಗೆ ತಿಳಿಯಾಗುತ್ತದೆ, ಬೇಸಿಗೆಯಲ್ಲಿ ಮೇಲ್ಮೈ ಒಣಗಿದರೂ ಮರಳಿನ ಒಡಲಿನಲ್ಲಿ ನೀರು ಸರಿಯುತ್ತಲೇ ಇರುತ್ತದೆ. ಹಾಗಾಗಿ "ವರ್ಷವಿಡೀ ಇತ್ತು" ಎಂಬುದೂ ಸರಿ, "ಮರಳು ತೋಡಿದೆವು" ಎಂಬುದೂ ಸರಿ. ಅಜ್ಜಿಯ ಲೆಕ್ಕದಲ್ಲಿ ನೀರು ಸಿಗುತ್ತಿದ್ದರೆ ಹೊಳೆ ಇದೆ ಎಂದೇ ಅರ್ಥ.

ಪಟ್ಟಣಕ್ಕೆ ನೀರು ಬಂದ ಕಥೆಯನ್ನೂ ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಅಜ್ಜಿಯ ಮಾತಿಗೆ ಅದರ ನಂಟಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯ ಕಟ್ಟಿ, 1896ರಿಂದ ಪೇಟೆಗೂ ದಂಡಿಗೂ (ಕಂಟೋನ್ಮೆಂಟ್‌ಗೂ) ಕೊಳಾಯಿ ನೀರು ಕೊಟ್ಟರು. ಅಲ್ಲಿಂದ ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿ ಇಂಜಿನ್‌ಗಳಿಂದ ಮೇಲಕ್ಕೆತ್ತುತ್ತಿದ್ದರು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬರಿದಾದ ಮೇಲೆ, ಅರ್ಕಾವತಿಗೆ ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. 1974ರಲ್ಲಿ ಕಾವೇರಿ ಬಂತು. ವೃಷಭಾವತಿ ಮಾತ್ರ ಪಟ್ಟಣದ ಕೊಳಾಯಿಗೆ ಯಾವತ್ತೂ ಬರಲಿಲ್ಲ, ಅದು ದಡದ ಊರುಗಳವರದೇ ನೀರಾಗಿತ್ತು. ಆದ್ದರಿಂದಲೇ ಸರಕಾರದ ಕಡತಗಳಲ್ಲಿ ಅದರ ಬಗ್ಗೆ ನಿಮಗೆ ಹೆಚ್ಚೇನೂ ಸಿಗುವುದಿಲ್ಲ. ಅಜ್ಜಿಯಂಥವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಲೆಕ್ಕ ಕೇಳುವವ:
ಕ್ಷಮಿಸಿ, ನಾನು ಇಲ್ಲಿ ಸ್ವಲ್ಪ ಅಪಸ್ವರ ತೆಗೆಯುತ್ತೇನೆ. ಹಳೆಯ ಕಾಲದ ಹೊಳೆಯೆಂದರೆ ಎಲ್ಲರಿಗೂ ಎಳನೀರಿನ ನೆನಪೇ ಬರುತ್ತದೆ. ಆ ನೀರು ಕುಡಿದು ಎಷ್ಟು ಮಕ್ಕಳು ವಾಂತಿಭೇದಿಯಲ್ಲಿ ಹೋದವು ಎಂಬುದನ್ನು ಯಾವ ಅಜ್ಜಿಯೂ ತಾನಾಗಿ ಹೇಳುವುದಿಲ್ಲ. ನಮ್ಮ ತಂದೆಯ ಊರಿನ ಕಡೆ ಮೆಟ್ಟಿಲು ಬಾವಿಯ ನೀರಿನಿಂದ ನಾರುಹುಣ್ಣು ಬರುತ್ತಿತ್ತು. ಕಾಲಿನಿಂದ ಹುಳುವನ್ನು ಕಡ್ಡಿಗೆ ಸುತ್ತಿ ಸುತ್ತಿ, ದಿನಕ್ಕೆ ಒಂದಿಷ್ಟರಂತೆ ಹೊರಗೆಳೆಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡವರು. ಭಾರತ ಅದರಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 2000ದಲ್ಲಿ. ನೆನಪುಗಳನ್ನು ಸಂಗ್ರಹಿಸುವುದು ತಪ್ಪಲ್ಲ, ಆದರೆ ಅದನ್ನೇ ಇತಿಹಾಸ ಎನ್ನುವ ಮೊದಲು ಒಂದಿಷ್ಟು ಅನುಮಾನವೂ ಇರಲಿ. ಅಲ್ಲದೆ ಅರ್ಕಾವತಿ ಬತ್ತಿದ್ದಕ್ಕೆ ಮಳೆ ಕಡಿಮೆಯಾದದ್ದೇ ಕಾರಣ ಎಂಬುದು ಎಲ್ಲರಿಗೂ ಗೊತ್ತಿರುವ ವಿಚಾರ, ಅದರಲ್ಲಿ ದಾಖಲಿಸುವಂಥದ್ದೇನಿದೆ?

ಮಾಗಡಿ ಸೀಮೆಯವಳು:
ಲೆಕ್ಕ ಕೇಳುವವರ ಮೊದಲ ಮಾತನ್ನು ಒಪ್ಪುತ್ತೇನೆ, ಕೊನೆಯ ಮಾತನ್ನು ಒಪ್ಪಲಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊಮ್ಮಗಳೇ, ನಾನು ಐದಾರು ವರ್ಷಗಳಿಂದ ಕುಮುದ್ವತಿ ಬಯಲಿನ ಹಳ್ಳಿಗಳಲ್ಲಿ ಹಿರಿಯರನ್ನು ಮಾತನಾಡಿಸುತ್ತಿದ್ದೇನೆ. ಮೊದಮೊದಲು ನಾನೂ ನಿಮ್ಮಂತೆಯೇ "ನದಿ ಹೇಗಿತ್ತು?" ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಪ್ರತಿಯೊಬ್ಬರೂ ಒಂದೇ ಉತ್ತರವನ್ನು ಕೊಡುತ್ತಾರೆ: "ಆಹಾ, ಆಗಿನ ಕಾಲ!" ಅಲ್ಲಿಗೆ ಮಾತು ಮುಗಿಯಿತು. ಕಾರಣ ಸರಳ. ಅವರು ಬದುಕಿದ್ದು ನದಿಯ ಜೊತೆಗಲ್ಲ, ನೀರಿನ ಜೊತೆಗೆ. "ನದಿ" ಎಂಬ ಪದವನ್ನೇ ಅವರು ಬಳಸುವುದಿಲ್ಲ, ಹೊಳೆ ಎನ್ನುತ್ತಾರೆ, ಹಳ್ಳ ಎನ್ನುತ್ತಾರೆ, ಕೆರೆಯ ಕೋಡಿ ಎನ್ನುತ್ತಾರೆ. ಆದ್ದರಿಂದ ಕೆಲಸದ ಬಗ್ಗೆ ಕೇಳಿ. ಬಟ್ಟೆ ಎಲ್ಲಿ ಒಗೆಯುತ್ತಿದ್ದಿರಿ? ದನಗಳನ್ನು ಯಾವ ಕಡೆ ಇಳಿಸುತ್ತಿದ್ದರು? ಕುಡಿಯುವ ನೀರಿನ ಬಿಂದಿಗೆ ಯಾವುದು, ಬಳಸುವ ನೀರಿನ ಬಿಂದಿಗೆ ಯಾವುದು? ಬಾಣಂತಿಯ ಸ್ನಾನಕ್ಕೆ ಯಾರು ನೀರು ತರುತ್ತಿದ್ದರು?

ನಮ್ಮೂರಿನ ಒಬ್ಬ ಹಿರಿಯರ ಉದಾಹರಣೆ ಕೊಡುತ್ತೇನೆ. ಹೊಳೆಯ ಬಗ್ಗೆ ಕೇಳಿದರೆ ಎರಡು ವಾಕ್ಯಕ್ಕಿಂತ ಹೆಚ್ಚು ಮಾತನಾಡದ ಮನುಷ್ಯ. ಒಮ್ಮೆ ಕಪಿಲೆಯ ಬಗ್ಗೆ ಕೇಳಿದೆ. ಎರಡು ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಬಾವಿಯಿಂದ ಚರ್ಮದ ಬಾನಿ ಮೇಲೆ ಬರುತ್ತದಲ್ಲ, ಆ ಕಪಿಲೆ. ಮುದುಕರು ಎದ್ದು ನಿಂತು, ಎತ್ತುಗಳನ್ನು ಹಿಂದಕ್ಕೆ ನಡೆಸುವ ಕೂಗನ್ನೇ ಕೂಗಿ ತೋರಿಸಿದರು. ನಂತರ ತಾವಾಗಿಯೇ ಹೇಳಿದರು: "ಮೊದಲು ಆರು ಮಾರು ಹಗ್ಗ ಸಾಕಾಗುತ್ತಿತ್ತು. ದೊಡ್ಡ ಮಗಳ ಮದುವೆಯ ಬೇಸಿಗೆಯಲ್ಲಿ ಎರಡು ಮಾರು ಸೇರಿಸಿದೆ. ಚಿಕ್ಕವಳ ಮದುವೆಯ ಹೊತ್ತಿಗೆ ಕಪಿಲೆಯನ್ನೇ ಬಿಚ್ಚಿ ಪಂಪ್‌ಸೆಟ್ ಇಟ್ಟೆ, ಅದರ ಮೂರನೇ ವರ್ಷಕ್ಕೆ ಬಾವಿ ಬತ್ತಿತು." ಅಂತರ್ಜಲ ಇಳಿದ ಲೆಕ್ಕವನ್ನು ಇದಕ್ಕಿಂತ ನಿಖರವಾಗಿ ಯಾವ ಮಾಪಕ ಹೇಳುತ್ತದೆ? ಹೊಳೆ ಎಷ್ಟು ಆಳವಿತ್ತು ಎಂಬುದು ಅವರಿಗೆ ನೆನಪಿಲ್ಲ, ಹಗ್ಗಕ್ಕೆ ಎಷ್ಟು ದುಡ್ಡು ಕೊಟ್ಟೆ ಎಂಬುದು ಮರೆತಿಲ್ಲ.

ಹಳೇಪೇಟೆ:
"ಹಗ್ಗದ ಲೆಕ್ಕ" ಬಹಳ ಹಿಡಿಸಿತು. ಇಸವಿಗಳನ್ನು ಕೂಡ ಹೀಗೆಯೇ ಹಿಡಿಯಬೇಕು. ನಮ್ಮ ದೊಡ್ಡಮ್ಮನಿಗೆ 1982 ಎಂದರೆ ಅರ್ಥವಾಗುವುದಿಲ್ಲ, "ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಬೀದಿಗಿಳಿದಾಗ" ಎಂದರೆ ಥಟ್ಟನೆ ಉತ್ತರ ಬರುತ್ತದೆ. ಇಂದಿರಾ ಗಾಂಧಿ ತೀರಿಕೊಂಡ ವರ್ಷ, 1991ರ ಕಾವೇರಿ ಗಲಾಟೆ, ರಾಜ್‌ಕುಮಾರ್ ಅಪಹರಣವಾದ ವರ್ಷ, ಇವೆಲ್ಲ ಒಳ್ಳೆಯ ಗೂಟಗಳು.

ಕನಕಪುರ ಕಡೆಯವನು:
ಈ ಚರ್ಚೆಯಲ್ಲಿ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ, ನಾನೇ ಹೇಳುತ್ತೇನೆ. ನಮ್ಮ ತಂದೆ ಅರ್ಕಾವತಿ ದಡದ ಹಳ್ಳಿಯವರು, ಕಾಲೋನಿಯವರು. ಅವರ ನೆನಪಿನಲ್ಲಿ ಹೊಳೆಗೆ ಮೂರು ಭಾಗ. ಮೇಲೆ ಊರಿನವರು ನೀರು ತುಂಬುವ ಜಾಗ, ಅದರ ಕೆಳಗೆ ದನಗಳು ಇಳಿಯುವ ಜಾಗ, ಅದಕ್ಕೂ ಕೆಳಗೆ ನಮ್ಮವರ ಜಾಗ. ಬೇಸಿಗೆಯಲ್ಲಿ ಒರತೆ ತೋಡುವಾಗಲೂ ಇದೇ ಕಟ್ಟಳೆ. ನಮ್ಮಜ್ಜಿ ಬೆಳಗಿನ ಜಾವ ತೋಡಿದ ಒರತೆಯಲ್ಲಿ ತಿಳಿ ನೀರು ಬಂದಿದ್ದಕ್ಕೆ, ಮೇಲಿನವರು ಅದನ್ನು ತಾವು ಇಟ್ಟುಕೊಂಡು ಅವರನ್ನು ಇನ್ನೂ ಕೆಳಕ್ಕೆ ಕಳಿಸಿದ್ದರಂತೆ.

ಕಾಲೋನಿಗೆ ಬೋರಿಂಗ್ ಬಂದ ದಿನ, ಅಂದರೆ ಕೈಪಂಪು ನೆಟ್ಟ ದಿನ, ಅಪ್ಪನಿಗೆ ಹದಿನಾಲ್ಕು ವರ್ಷ. ರಾತ್ರಿ ಹನ್ನೊಂದರವರೆಗೂ ಅದರ ಹಿಡಿಕೆಯನ್ನು ಒತ್ತಿ ಒತ್ತಿ, ನೀರನ್ನು ಸುಮ್ಮನೆ ನೆಲಕ್ಕೆ ಬಿಟ್ಟು ನೋಡುತ್ತಿದ್ದರಂತೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ. ಕೊಳವೆ ಬಾವಿ ಬಂದು ಹೊಳೆ ಸತ್ತಿತು ಎಂದು ನೀವೆಲ್ಲ ಬರೆಯುವಾಗ, ನಮ್ಮ ಮನೆಯಲ್ಲಿ ಆ ಕಥೆಯನ್ನು ಬೇರೆ ರೀತಿ ಹೇಳುತ್ತಾರೆ ಎಂಬುದು ನೆನಪಿರಲಿ.

ಕೆಂಗೇರಿ ಮೊಮ್ಮಗಳು:
ಇದನ್ನು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಅಜ್ಜಿಯ ಮಾತುಗಳಲ್ಲಿ "ನಮ್ಮ ಕಲ್ಲು", "ಅವರ ಕಲ್ಲು" ಎಂದು ಹಲವು ಬಾರಿ ಬಂದಿದೆ. "ಅವರು" ಯಾರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಈ ಭಾನುವಾರ ಕೇಳುತ್ತೇನೆ.

ಲೆಕ್ಕ ಕೇಳುವವ:
ಕನಕಪುರದವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಅನುಮಾನ ಬೇಕು ಎಂದದ್ದೂ ಇದಕ್ಕೇ. ಆದರೆ ಮಾಗಡಿಯವರು ನನ್ನ ಕೊನೆಯ ಮಾತಿಗೆ ಉತ್ತರ ಕೊಡುವುದಾಗಿ ಹೇಳಿ ಮರೆತಂತಿದೆ.

ಮಾಗಡಿ ಸೀಮೆಯವಳು:
ಮರೆತಿಲ್ಲ. ಅರ್ಕಾವತಿ ಬತ್ತಿದ್ದು ಮಳೆಯಿಂದಲ್ಲ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ತಿಪ್ಪಗೊಂಡನಹಳ್ಳಿಯ ಮೇಲಿನ ಜಲಾನಯನವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಒಳಹರಿವು ಅಷ್ಟೊಂದು ಕುಸಿಯುವಷ್ಟು ಮಳೆಯೇನೂ ಕಡಿಮೆಯಾಗಿಲ್ಲ ಎಂಬುದು ಅವರಿಗೆ ಕಂಡುಬಂದದ್ದು. ಕೊಳವೆ ಬಾವಿಗಳಿಂದ ನೀರೆತ್ತಿದ್ದು, ರಾಗಿ ಹೊಲಗಳಲ್ಲಿ ನೀಲಗಿರಿ ನೆಟ್ಟದ್ದು, ಇವೇ ಮುಖ್ಯ ಕಾರಣಗಳು. ಹೊಳೆಗೆ ಬೇಸಿಗೆಯಲ್ಲಿ ನೀರು ಜಿನುಗುತ್ತಿದ್ದುದು ನೆಲದೊಳಗಿನಿಂದ. ನೆಲದೊಳಗಿನ ನೀರು ಹೊಳೆಯ ತಳಕ್ಕಿಂತ ನೂರಾರು ಅಡಿ ಕೆಳಗಿಳಿದ ಮೇಲೆ ಬಿದ್ದ ಮಳೆಯನ್ನು ನೆಲವೇ ಕುಡಿಯುತ್ತದೆ, ಹೊಳೆಗೆ ಏನೂ ಉಳಿಯುವುದಿಲ್ಲ. ನೀಲಗಿರಿ ನೆಡುವುದನ್ನು ಸರಕಾರ ನಿಷೇಧಿಸಿದ್ದು 2017ರಲ್ಲಿ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. 2012ರಲ್ಲೇ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ಕೊಡುವುದನ್ನು ನಿಲ್ಲಿಸಿದ್ದರು.

ಇನ್ನು, ನಮ್ಮ ಹಿರಿಯರಲ್ಲಿ ಎಷ್ಟೋ ಜನ ಈ ಅಧ್ಯಯನದ ಹೆಸರನ್ನೇ ಕೇಳಿಲ್ಲ. "ನೀಲಗಿರಿ ನೆಟ್ಟ ಮೇಲೆ ಪಕ್ಕದ ಬಾವಿಗೆ ಹಗ್ಗ ಸಾಲದಾಯಿತು" ಎಂದು ಅವರು ತಾವಾಗಿಯೇ ಹೇಳುತ್ತಾರೆ. ಅದನ್ನು ಕಲ್ಪನೆ ಎನ್ನುತ್ತೀರಾ?

ಲೆಕ್ಕ ಕೇಳುವವ:
ಮಳೆಯ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ನೀಲಗಿರಿ ನೆಟ್ಟ ರೈತರಿಗೂ ಒಂದು ಕಥೆ ಇರಬೇಕಲ್ಲವೇ? ಆಳು ಸಿಗದೆ, ರಾಗಿಗೆ ಬೆಲೆಯಿಲ್ಲದೆ ನೆಟ್ಟವರು ಅವರು. ಅವರನ್ನೂ ಮಾತನಾಡಿಸಿ.

ಮಾಗಡಿ ಸೀಮೆಯವಳು:
ಮಾತನಾಡಿಸಿದ್ದೇನೆ. ಅವರಲ್ಲಿ ಒಬ್ಬರು ನನ್ನ ಅಪ್ಪ.

ಬೈರಮಂಗಲದ ಕೆಳಗೆ:
ಹೊಳೆ ಬತ್ತಿತು ಎಂದು ಎಲ್ಲರೂ ಅಳುತ್ತಿದ್ದೀರಿ, ನಮ್ಮ ಕಡೆಯ ಸಮಸ್ಯೆ ಇದರ ತಿರುವು ಮುರುವು. ವೃಷಭಾವತಿಗೆ ಬೈರಮಂಗಲದಲ್ಲಿ ಕಟ್ಟೆ ಕಟ್ಟಿ ಕಾಲುವೆ ತೆಗೆದದ್ದು ನಮ್ಮ ತಾತನ ಕಾಲದಲ್ಲಿ. ಆಗ ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದೇ ಒಂದು ಹಬ್ಬ. ನೀರಗಂಟಿ ತೂಬು ಎತ್ತುವ ದಿನ ಪೂಜೆ ಮಾಡಿ ತೆಂಗಿನಕಾಯಿ ಒಡೆಯುತ್ತಿದ್ದರು. ಈಗ ಹೊಳೆಯಲ್ಲಿ ಹನ್ನೆರಡು ತಿಂಗಳೂ ನೀರು. ಏಪ್ರಿಲ್‌ನಲ್ಲೂ ಕಡಿಮೆಯಾಗುವುದಿಲ್ಲ. ಆದರೆ ಆ ನೀರಿಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಕಡಿತ ಬರುತ್ತದೆ, ತೂಬಿನ ಕೆಳಗೆ ನೊರೆ ಆಳೆತ್ತರಕ್ಕೆ ನಿಲ್ಲುತ್ತದೆ.

ಭತ್ತ ಬೆಳೆದು ನೋಡಿದೆವು. ಪೈರು ಎದೆಮಟ್ಟ ಬೆಳೆಯಿತು, ತೆನೆ ಮಾತ್ರ ಜೊಳ್ಳು. ಈಗ ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ. ಹುಲ್ಲನ್ನು ಹಸುಗಳಿಗೆ ಹಾಕುತ್ತೇವೆ, ಹಾಲು ಬೆಂಗಳೂರಿಗೆ ಬರುತ್ತದೆ, ಸೊಪ್ಪು ತಿಂದ ಹುಳುವಿನ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ನೀವು ಕಳಿಸಿದ್ದನ್ನೇ ನಾವು ಹಿಂದಕ್ಕೆ ಕಳಿಸುತ್ತಿದ್ದೇವೆ ಎಂದು ನಮ್ಮಪ್ಪ ತಮಾಷೆ ಮಾಡುತ್ತಾರೆ. ನಮ್ಮ ಬಾವಿಯ ನೀರನ್ನು ಒಂದು ಕಚೇರಿಗೆ ಪರೀಕ್ಷೆಗೆ ಕೊಟ್ಟು ಎರಡು ವರ್ಷವಾಯಿತು, ವರದಿ ಇನ್ನೂ ಬಂದಿಲ್ಲ.

ಇಷ್ಟಾದರೂ ಈ ನೀರು ನಿಂತುಹೋಗಲಿ ಎಂದು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ನಿಂತರೆ ಹುಲ್ಲಿಗೂ ಗತಿಯಿಲ್ಲ.

ಸಂಪು ಖಾಲಿ:
ನದಿ ಬತ್ತಿದ್ದರೆ ಹನ್ನೆರಡು ತಿಂಗಳ ನೀರು ಎಲ್ಲಿಂದ ಬರುತ್ತದೆ ಸ್ವಾಮಿ?

ನಿವೃತ್ತ ನೀರಿನವನು:
ನಿಮ್ಮ ಸಂಪಿನಿಂದಲೇ. ಮೇಲ್ದಂಡೆಯಲ್ಲಿ ಕಾವೇರಿಯಿಂದ ತೆಗೆದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ, ಹೀಗೆ ಮೂರು ಹಂತಗಳಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ, ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ತರುತ್ತೇವೆ. 1974ರ ಮೊದಲ ಹಂತದ ನಂತರ 1982, 1993, 2002, 2012 ಎಂದು ಹಂತಗಳು ಏರುತ್ತಾ ಹೋದವು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರದ್ದೇ ದಿನಕ್ಕೆ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ನಾವು ಚರಂಡಿ ಯೋಜನೆ ಮಾಡುವಾಗ ಹಿಡಿಯುತ್ತಿದ್ದ ಲೆಕ್ಕ. ಅದರಲ್ಲಿ ಪಶ್ಚಿಮದ ಪಾಲು ವೃಷಭಾವತಿಗೆ ಇಳಿದು, ಬೈರಮಂಗಲ ದಾಟಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಮೇಲಿನಿಂದ ಬಾಚಿಕೊಂಡದ್ದನ್ನು ಕೆಳಗಿನಿಂದ ಹಿಂದಿರುಗಿಸುತ್ತೇವೆ, ಎಂತಹ ಸ್ಥಿತಿಯಲ್ಲಿ ಎಂಬುದನ್ನು ಬೈರಮಂಗಲದವರು ಹೇಳಿದ್ದಾರೆ.

ಪೂರ್ವದ ಪಾಲಿನಲ್ಲಿ ಒಂದಷ್ಟನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ 2018ರಲ್ಲಿ ಆರಂಭವಾಯಿತು. ಅಲ್ಲಿನ ಅಜ್ಜಿಯರು ಮುಂದೆ ಏನು ಹೇಳುತ್ತಾರೋ ನೋಡಬೇಕು.

ಸಂಪು ಖಾಲಿ:
ಅಂದರೆ ಅಜ್ಜಿ ಮೆಟ್ರೋದಿಂದ ನೋಡಿದ್ದು ಅವರ ಹೊಳೆಯನ್ನಲ್ಲ, ಕೆಟ್ಟುಹೋದ ಕಾವೇರಿಯನ್ನು.

ಬಾಗಲಕೋಟೆಯಿಂದ ರಾಜಾಜಿನಗರಕ್ಕೆ:
ನೀವು ಹೊಳೆ ಬತ್ತಿದ ಕಥೆ ಹೇಳುತ್ತೀರಿ, ಕೆಟ್ಟ ಕಥೆ ಹೇಳುತ್ತೀರಿ. ನಮ್ಮದು ಹೊಳೆ ಏರಿ ಬಂದ ಕಥೆ. ಆಲಮಟ್ಟಿಯ ಹಿನ್ನೀರು ಘಟಪ್ರಭೆಗುಂಟ ಏರಿ ಬಂದಾಗ ನಮ್ಮ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಡೆಯಾಯಿತು. ನಮ್ಮ ಅವ್ವ ಈಗ ರಾಜಾಜಿನಗರದ ಮೂರನೇ ಮಹಡಿಯಲ್ಲಿದ್ದಾಳೆ. ಅವಳಿಗೆ ಹೊಳೆಯ ಬಗ್ಗೆ ಸಿಟ್ಟಿಲ್ಲ. ಅಧಿಕಾರಿಗಳು ಬಂದು ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ನಂಬರು ಬರೆದು ಹೋದದ್ದನ್ನೇ ಹೇಳುತ್ತಾಳೆ. "ಬಾಗಿಲಿಗೆ ಸುಣ್ಣ ಬಳಿದು ಹದಿನೈದು ದಿನ ಆಗಿರಲಿಲ್ಲ, ಅದರ ಮೇಲೆ ಬರೆದರು" ಎಂಬುದು ಅವಳ ಇಂದಿನವರೆಗಿನ ದೂರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಅಡಿಪಾಯದ ಕಲ್ಲುಗಳು ಕಾಣುತ್ತವೆ. ನನ್ನ ಕಾಕಾ ಹೋಗಿ ನಮ್ಮ ಮನೆ ಇದ್ದ ಜಾಗವನ್ನು ಒಳಕಲ್ಲಿನ ಗುರುತಿನಿಂದ ಹಿಡಿದ. ಮಾಗಡಿಯವರು ಹೇಳಿದ್ದು ಸರಿಯಾಗಿದೆ, ಹೊಳೆಯನ್ನು ಕೇಳಿದರೆ ಅವ್ವ ಸುಮ್ಮನಾಗುತ್ತಾಳೆ, ಒಳಕಲ್ಲನ್ನು ಕೇಳಿದರೆ ರಾತ್ರಿ ಊಟದವರೆಗೂ ಮಾತನಾಡುತ್ತಾಳೆ.

ಚಾಮರಾಜಪೇಟೆ ನಲ್ಲಿ:
ಪಟ್ಟಣದವರಿಗೂ ನೀರಿನ ನೆನಪುಗಳಿವೆ, ಅವನ್ನು ಬಿಡಬೇಡಿ. ನಮ್ಮ ವಠಾರಕ್ಕೆ ಒಂದೇ ನಲ್ಲಿ ಇತ್ತು, ಎಂಟು ಸಂಸಾರ. ಬೆಳಗಿನ ನಾಲ್ಕೂವರೆಗೆ ನಲ್ಲಿ ಮೊದಲು ಉಸ್ಸೆಂದು ಗಾಳಿ ಬಿಡುತ್ತಿತ್ತು, ಆ ಸದ್ದಿಗೇ ಎಂಟೂ ಮನೆಯ ಹೆಂಗಸರು ಎದ್ದು ಬರುತ್ತಿದ್ದರು. ಸಾಲು ಹಿಡಿದದ್ದು ಮನುಷ್ಯರಲ್ಲ, ಬಿಂದಿಗೆಗಳು. ಹಿಂದಿನ ರಾತ್ರಿಯೇ ಇಟ್ಟ ಬಿಂದಿಗೆಯನ್ನು ಯಾರಾದರೂ ಹಿಂದಕ್ಕೆ ಸರಿಸಿದರೆ ಅಂದು ಕುರುಕ್ಷೇತ್ರ. ನಮ್ಮ ಅತ್ತೆಯವರು ಹೇಳುವಂತೆ ಅರ್ಕಾವತಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತಿತ್ತು, ಕಾವೇರಿ ಬಂದ ಮೇಲೆ ಸಾರಿನ ರುಚಿ ಬದಲಾಯಿತು. ಇದನ್ನು ಯಾವ ಇಂಜಿನಿಯರ್ ಒಪ್ಪುತ್ತಾರೋ ಗೊತ್ತಿಲ್ಲ, ನಾನು ಬರೆದಿಟ್ಟುಕೊಂಡಿದ್ದೇನೆ.

ನಿವೃತ್ತ ನೀರಿನವನು:
ಸಾರಿನ ವಿಷಯದಲ್ಲಿ ಅತ್ತೆಯವರ ಎದುರು ವಾದಿಸುವ ಧೈರ್ಯ ನನಗಿಲ್ಲ.

ಉಬ್ಬೆಯ ಮೊಮ್ಮಗ:
ನಮ್ಮದು ಕೆಂಗೇರಿ ಹೋಬಳಿಯ ಮಡಿವಾಳರ ಮನೆ. ಮೊಮ್ಮಗಳ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರವಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮ ತಾತ ಸೋಪನ್ನು ಮುಟ್ಟಿದವರಲ್ಲ. ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ದೊಡ್ಡ ಬಾನಿಯ ಬಾಯಿಯ ಮೇಲೆ ಸುತ್ತಲೂ ಪೇರಿಸಿ, ರಾತ್ರಿಯಿಡೀ ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರು. ಅದಕ್ಕೆ ಉಬ್ಬೆ ಹಾಕುವುದು ಎನ್ನುತ್ತಾರೆ. ಬೆಳಿಗ್ಗೆ ಆ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಜಾಲಿಸಬೇಕು, ನಿಂತ ನೀರಾದರೆ ಚೌಳು ಬಟ್ಟೆಯಲ್ಲೇ ಉಳಿದು ನೂಲು ತಿನ್ನುತ್ತದೆ. ಹಾಗಾಗಿ ಹೊಳೆ ಹರಿಯುತ್ತಿದೆಯೇ, ತಿಳಿಯಾಗಿದೆಯೇ ಎಂಬುದು ನಮಗೆ ಅನ್ನದ ಪ್ರಶ್ನೆಯಾಗಿತ್ತು.

ವೃಷಭಾವತಿ ಯಾವಾಗ ಕೆಟ್ಟಿತು ಎಂದು ಬೇರೆ ಯಾರನ್ನಾದರೂ ಕೇಳಿ, ಒಬ್ಬೊಬ್ಬರು ಒಂದೊಂದು ಕಾಲ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಖಚಿತ ಉತ್ತರವಿದೆ: ಬಿಳಿ ಪಂಚೆಗಳು ಹಳದಿಗೆ ತಿರುಗಿದ ವರ್ಷ. ನೀರು ನೋಡಲು ಇನ್ನೂ ತಿಳಿಯಾಗಿಯೇ ಇತ್ತಂತೆ, ವಾಸನೆಯೂ ಇರಲಿಲ್ಲವಂತೆ, ಮೀನೂ ಇದ್ದವಂತೆ. ಆದರೆ ಜಾಲಿಸಿ ಒಣಹಾಕಿದ ಪಂಚೆ ಸಂಜೆಯ ಹೊತ್ತಿಗೆ ಅರಿಶಿನ ಮುಟ್ಟಿದಂತೆ ಕಾಣುತ್ತಿತ್ತು. ವರ್ಷಕ್ಕಿಷ್ಟು ರಾಗಿ ಕೊಟ್ಟು ಬಟ್ಟೆ ಒಗೆಸುತ್ತಿದ್ದ ವತನದ ಮನೆಯವರು ತಾತನಿಗೆ ಬೈದು, ಆ ವರ್ಷದ ರಾಗಿಯಲ್ಲಿ ಎರಡು ಸೇರು ಕಡಿತ ಮಾಡಿದರು. ತಾತ ತಮ್ಮ ಕೈಕೆಲಸದಲ್ಲೇ ತಪ್ಪಾಗಿದೆ ಎಂದುಕೊಂಡು ಚೌಳನ್ನು ಬದಲಿಸಿದರು, ಬಾನಿ ಬದಲಿಸಿದರು. ನೀರೇ ಬದಲಾಗಿದೆ ಎಂದು ಅವರಿಗೆ ಹೊಳೆಯಲು ಎರಡು ವರ್ಷ ಹಿಡಿಯಿತು. ಅದು ನಮ್ಮ ಸೋದರತ್ತೆಯ ಮದುವೆಯ ವರ್ಷ, 1970ರ ದಶಕದ ನಡುವಿನಲ್ಲಿ. ಆಮೇಲೆ ಅವರು ಪಟ್ಟಣದ ದೋಬಿಘಾಟ್ ಒಂದಕ್ಕೆ ಹೋಗಿ ಕೊಳಾಯಿ ನೀರಿನಲ್ಲಿ ಒಗೆಯತೊಡಗಿದರು.

ನಿವೃತ್ತ ನೀರಿನವನು:
ಕಾಲ ಸರಿಯಾಗಿ ಕೂಡುತ್ತದೆ. 1974ರಲ್ಲಿ ಕಾವೇರಿ ಬಂದ ಮೇಲೆ ಪಟ್ಟಣದ ಕೊಳಚೆಯೂ ಹೆಚ್ಚಿತು, ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದದ್ದೂ ಅದೇ ದಶಕದಲ್ಲಿ, ಅಲ್ಲಿನ ನೀರೂ ಇದೇ ಕಣಿವೆಗೆ ಇಳಿಯುತ್ತದೆ. ಪಂಚೆ ಹಳದಿಯಾಗಲು ನಿಖರವಾಗಿ ಏನು ಕಾರಣ ಎಂದು ನಾನು ಹೇಳಲಾರೆ, ಆದರೆ ನಮ್ಮ ಪ್ರಯೋಗಾಲಯಗಳಿಗಿಂತ ಮೊದಲು ಅದು ನಿಮ್ಮ ತಾತನ ಕಣ್ಣಿಗೆ ಬಿದ್ದಿದೆ.

ಲೆಕ್ಕ ಕೇಳುವವ:
ಇಂತಹ ನೆನಪನ್ನು ನಾನೂ ದಾಖಲೆ ಎಂದು ಒಪ್ಪುತ್ತೇನೆ. ಎರಡು ಸೇರು ರಾಗಿಯನ್ನು ಯಾರೂ ಸುಳ್ಳಾಗಿ ನೆನಪಿಟ್ಟುಕೊಳ್ಳುವುದಿಲ್ಲ.

ಕೆಂಗೇರಿ ಮೊಮ್ಮಗಳು:
ಭಾನುವಾರ ಅಜ್ಜಿಯ ಬಳಿ ಹೋಗಿ ಬಂದೆ. ಹೊಳೆಯ ಮಾತನ್ನೇ ಎತ್ತದೆ, ಬಟ್ಟೆ ಎಲ್ಲಿ ಒಗೆಯುತ್ತಿದ್ದಿರಿ ಎಂದು ಕೇಳಿದೆ. ಅಜ್ಜಿ ಬಿಡಿಸುತ್ತಿದ್ದ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿ, ಕಾಳುಗಳನ್ನೇ ನೆಲದ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ಈ ಕಾಳು ನಮ್ಮ ಕಲ್ಲು, ಇದು ಗೌಡರ ಮನೆಯ ಕಲ್ಲು, ಇದು ಮಡಿವಾಳರದು, ಇಲ್ಲಿ ದನ ಇಳಿಯುತ್ತಿತ್ತು. "ಅವರು" ಯಾರು ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಯ ಒಂದು ಕಾಳನ್ನು ದನದ ಜಾಗಕ್ಕಿಂತ ಕೆಳಗೆ ಇಟ್ಟರು. "ಆಗ ಹಾಗಿತ್ತು, ನಾವೂ ಕೇಳಲಿಲ್ಲ" ಎಂದರು. ಕನಕಪುರದವರೇ, ಅದನ್ನು ಹಾಗೆಯೇ ಬರೆದುಕೊಂಡಿದ್ದೇನೆ.

ಒರತೆಯ ಬಗ್ಗೆಯೂ ಕೇಳಿದೆ. ಮರಳನ್ನು ಮೊಣಕೈ ಆಳಕ್ಕೆ ತೋಡಿ, ಕದಡಿದ ನೀರನ್ನು ತೆಂಗಿನ ಕರಟದಲ್ಲಿ ಮೂರು ಸಲ ಎತ್ತಿ ಚೆಲ್ಲಿ, ತಿಳಿಯಾಗುವವರೆಗೆ ಕಾಯಬೇಕಂತೆ. ಒಂದು ಬಿಂದಿಗೆಗೆ ಎಷ್ಟು ಕರಟ ಎಂದು ಕೇಳಿದ್ದಕ್ಕೆ, ಕೈಯನ್ನು ಕರಟದಂತೆ ಬಾಗಿಸಿ, ಕಣ್ಣು ಮುಚ್ಚಿಕೊಂಡು ಎಣಿಸುತ್ತಾ ಹೋದರು. ನಲವತ್ತಮೂರಕ್ಕೆ ನಿಲ್ಲಿಸಿ, "ಇಷ್ಟಕ್ಕೆ ಕಂಠದವರೆಗೆ ಬರುತ್ತದೆ, ಪೂರ್ತಿ ತುಂಬಿದರೆ ದಾರಿಯಲ್ಲಿ ತುಳುಕುತ್ತದೆ" ಎಂದರು. ಸೋದರಮಾವನ ಮಗ ಪಕ್ಕದಲ್ಲೇ ಕುಳಿತಿದ್ದ, ಈ ಸಲ ನಗಲಿಲ್ಲ.

ಉಬ್ಬೆಯ ಮೊಮ್ಮಗನವರೇ, ಅಜ್ಜಿ ಇಟ್ಟ ಮಡಿವಾಳರ ಕಲ್ಲು ನಿಮ್ಮ ತಾತನದೇ ಇರಬಹುದು. ಒಮ್ಮೆ ಮನೆಗೆ ಬನ್ನಿ.

ಉಬ್ಬೆಯ ಮೊಮ್ಮಗ:
ಖಂಡಿತ ಬರುತ್ತೇನೆ ಅಕ್ಕಾ. ಸೋದರತ್ತೆಯವರನ್ನೂ ಕರೆದುಕೊಂಡು ಬರುತ್ತೇನೆ, ಅವರಿಗೆ ಆ ಕಲ್ಲಿನ ಗುರುತಿದೆ.

ಮಾಗಡಿ ಸೀಮೆಯವಳು:
ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿ, ನೀವು ನಡುವೆ ಬಾಯಿ ಹಾಕಬೇಡಿ. ಅವರೆಕಾಳಿನ ನಕ್ಷೆಯ ಫೋಟೋ ತೆಗೆದುಕೊಂಡಿರಿ ತಾನೇ? ಧ್ವನಿಮುದ್ರಿಸುವಾಗ ಫ್ಯಾನ್ ಮತ್ತು ಕುಕ್ಕರ್ ಎರಡನ್ನೂ ಆರಿಸಿ. ನನ್ನ ಮೊದಲ ಆರು ಸಂದರ್ಶನಗಳಲ್ಲಿ ಸೀಟಿಯ ಸದ್ದೇ ಹೆಚ್ಚು ಕೇಳಿಸುತ್ತದೆ.

ಕೆಂಗೇರಿ ಮೊಮ್ಮಗಳು:
ಫೋಟೋ ತೆಗೆಯುವಷ್ಟರಲ್ಲಿ ಅಜ್ಜಿ ಕಾಳುಗಳನ್ನು ಬಾಚಿ ಹುಳಿಗೆ ಹಾಕಿಬಿಟ್ಟಿದ್ದರು. ಮುಂದಿನ ವಾರ ಇನ್ನೊಮ್ಮೆ ಇಡಿಸುತ್ತೇನೆ.